ತೊಯ್ಗುನ್ ಶಾ ಹೂಂ ಅಂದ ಹೋತ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನೊಬ್ಬ ಕಳ್ಳಬೇಟೆಗಾರನನ್ನು ಪತ್ತೆ ಹಚ್ಚಿದೆ.

ಗಿಲ್ಗಿತ್ತಿನಲ್ಲಿ ಡಿಗ್ರಿ ಮುಗಿಸಿದ ಮೇಲೆ ಬೇರೆ ಯಾರೂ ಕರೆಯದ ಕಾರಣ ನಮ್ಮ ಯಾಜ್‌ಗಾರ್ ಊರಿನ ಕಾಡುಪ್ರಾಣಿ ಸಮಿತಿಗೇ ಮುನ್ಷಿಯಾಗಿ ಸೇರಿಕೊಂಡಿದ್ದೆ. ಕಾಗದಪತ್ರ ನೋಡುವುದು, ಪುರಸೊತ್ತಾದಾಗ ಬೆಟ್ಟ ಕಾಯುವುದು ನನ್ನ ಕೆಲಸ. ಪುರಸೊತ್ತು ಬೇಕಾದಷ್ಟಿತ್ತು. ಆ ದಿನ ಕುರಿದೊಡ್ಡಿಯ ಮೇಲಿನ ಇಳಿಜಾರಿನಲ್ಲಿ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ಮಲಗಿ, ಬಿಳಿ ಬಟ್ಟೆ ಹೊದ್ದು, ಉದ್ದನೆಯ ಕರಿ ನಳಿಗೆಯೊಂದನ್ನು ಕಾಡುಮೇಕೆಗಳ ಕಡೆಗೆ ಹಿಡಿದಿರುವುದು ಕಂಡಿತು. ನನ್ನ ಎದೆ ಹೊಡೆದುಕೊಂಡ ರೀತಿಗೆ ಮೇಕೆಗಳೇ ಬೆದರಿ ಓಡಬೇಕಿತ್ತು. ಬಂಡೆಯ ಹಿಂದೆ ಅಡಗಿ ಊರಿನ ಮುಖ್ಯಸ್ಥರಾದ ನಂಬರ್‌ದಾರ್ ಗೋಹರ್ ಹಯಾತರಿಗೆ ಫೋನು ಮಾಡಿದೆ. ಅವರು ಸಮಿತಿಯನ್ನೆಲ್ಲ ಹೊರಡಿಸಿಕೊಂಡು, ದೊಣ್ಣೆ ಹಿಡಿದು, ಏದುಸಿರು ಬಿಡುತ್ತ ಮೇಲೆ ಬಂದರು. ನಾನು ಮುಂದೆ ನಿಂತು ಸೇನಾಪತಿಯ ಹಾಗೆ ಕೈ ಮಾಡಿ ತೋರಿಸಿದೆ.

ಮಲಗಿದ್ದ ಮನುಷ್ಯ ಏಳಲೂ ಇಲ್ಲ. "ಬನ್ನಿ, ಬನ್ನಿ," ಅಂದರು. "ಈ ಬಂದೂಕಿನ ಒಳಗೆ ಒಂದು ಸಲ ಕಣ್ಣಿಟ್ಟು ನೋಡಿ. ಹೆಣ್ಣುಗಳೆಲ್ಲ ಬಿಸಿಲು ಕಾಯಿಸ್ಕೊಳ್ತಾ ಮಲಗಿವೆ."

ಅದು ಮೂರು ಕಾಲಿನ ದುರ್ಬೀನು. ಆ ಮನುಷ್ಯ ಬೇಟೆಗೆ ಬಂದವರಿಗೆ ದಾರಿ ತೋರಿಸಲು ನಮ್ಮ ಸಮಿತಿಯೇ ಇಟ್ಟುಕೊಂಡ ದಾರಿಗಾರ, ತೊಯ್ಗುನ್ ಶಾ. ದುರ್ಬೀನು ಕೊಡಿಸಿದ್ದೂ ಸಮಿತಿಯೇ. ನಂಬರ್‌ದಾರರು ಇಳಿಯುವ ದಾರಿಯುದ್ದಕ್ಕೂ ನನ್ನ ಡಿಗ್ರಿ ಯಾವ ವಿಷಯದಲ್ಲಿ ಅಂತ ಮತ್ತೆ ಮತ್ತೆ ವಿಚಾರಿಸಿದರು.

ಹೀಗೆ ಪರಿಚಯವಾದವರ ಜೊತೆಯಲ್ಲೇ ಆಮೇಲಿನ ಚಳಿಗಾಲಗಳನ್ನೆಲ್ಲ ಬೆಟ್ಟದ ಮೇಲೆ ಕಳೆದೆ. ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಬೆಚ್ ಅನ್ನುತ್ತೇವೆ. ನನಗೂ ಅವರಿಗೂ ಯಾವ ಕಡೆಯಿಂದಲೋ ನೆಂಟಸ್ತನ ಇದ್ದೇ ಇತ್ತು, ಹಾಗಾಗಿ ಅವರು ನನಗೆ ತೊಯ್ಗುನ್ ಬೆಚ್. ಅವರಿಗೆ ನಾನು ಮುನ್ಷಿ. ಆ ಮಾತನ್ನು ಅವರು ಬೇರೆಯವರು ಕತ್ತೆ ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದರು.

ಅವರನ್ನು ಸಂತ ಅಂತ ಯಾರೂ ಅಂದುಕೊಳ್ಳಬಾರದು. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು, ಹಚ್ಚಿಲ್ಲ ಅನ್ನುತ್ತಿದ್ದರು. ಹವಾಮಾನ ಹೇಳುವ ಚಟವಿತ್ತು. ಅವರು ಬಿಸಿಲು ಅಂದ ದಿನ ನಮ್ಮ ಊರಿನ ಹೆಂಗಸರು ಒಣಹಾಕಿದ ಹುಳಿಮೊಸರಿನ ಉಂಡೆಗಳನ್ನು ಒಳಗೆ ತೆಗೆದಿಡುತ್ತಿದ್ದರು. ಅವರ ಹೆಂಡತಿ ನೆಕ್‌ಬಖ್ತ್ ಚಿಕ್ಕಮ್ಮನಿಗೆ ಗಂಡನ ಬೇಟೆಯ ಕಥೆಗಳೆಲ್ಲ ಬಾಯಿಪಾಠ. ಕಥೆಯಲ್ಲಿ ಕೊಂಬು ಒಂದು ಗೇಣು ಹೆಚ್ಚಾದರೆ ಒಲೆಯ ಹತ್ತಿರದಿಂದಲೇ ಸೌಟಿನ ಸದ್ದು ಮಾಡಿ ಎಚ್ಚರಿಸುತ್ತಿದ್ದಳು. ಒಂದು ವರ್ಷವಂತೂ ಎಳೆ ಹೋತವನ್ನು ಮುದಿಯದು ಅಂತ ತಪ್ಪು ಲೆಕ್ಕ ಹಾಕಿ ಹೊಡೆಸಿಬಿಟ್ಟರಂತೆ. ಕೊಂಬಿನ ಗಂಟು ಎಣಿಸಿ ವಯಸ್ಸು ತಿಳಿದ ಮೇಲೆ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಹೊಟ್ಟೆನೋವು ಅಂದರು. ಚಿಕ್ಕಮ್ಮ ಮಾತ್ರ ನೋವು ಇನ್ನೂ ಸ್ವಲ್ಪ ಮೇಲಿದೆ ಅಂದಳು.

ಅವರ ತಾತ ಮುತ್ತಾತಂದಿರೆಲ್ಲ ಬೇಟೆಗಾರರು. ಹರೆಯದಲ್ಲಿ ಅವರೂ ಹಾಗೇ. ಹಿಮ ಹೆಚ್ಚಾಗಿ ಮೇಕೆಗಳು ಕೆಳಗಿಳಿದಾಗ ಗಬ್ಬದ ಹೆಣ್ಣು, ಮರಿ ಅಂತ ನೋಡದೆ ಹೊಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆಮೇಲೊಂದು ಚಳಿಗಾಲ ಊರಿನ ಗಂಡಸರೆಲ್ಲ ಬೆಟ್ಟ ಹತ್ತಿ ಬರಿಗೈಯಲ್ಲಿ ಇಳಿದರು. ಮೇಲೆ ತಿನ್ನಲು ಏನೂ ಉಳಿಯದ ಹಿಮಚಿರತೆ ನಮ್ಮ ಕುರಿದೊಡ್ಡಿಗೆ ಬಂತು. ಆಗ ಊರು ಕೂತು ಬೇಟೆ ಬಿಟ್ಟಿತು. ಕೆಲವು ವರ್ಷ ಕಳೆದು ಮೇಕೆಗಳು ಮತ್ತೆ ಕಾಣಿಸಿಕೊಂಡ ಮೇಲೆ ಸರ್ಕಾರದ ಕಟ್ಟಳೆ ಬಂತು: ವರ್ಷಕ್ಕೆ ಬೆರಳೆಣಿಕೆಯಷ್ಟು ಮುದಿ ಹೋತಗಳು ಮಾತ್ರ, ಹೊರಗಿನವರಿಗೆ, ಹಣ ಕಟ್ಟಿಸಿಕೊಂಡು. ಹಣದ ದೊಡ್ಡ ಪಾಲು ಮೇಕೆ ಯಾವ ಊರಿನ ನೆಲದಲ್ಲಿ ನಿಂತಿದ್ದಾಗ ಗುಂಡು ತಗುಲಿತೋ ಆ ಊರಿಗೆ. ನಮ್ಮ ಶಾಲೆಯ ಮೇಲ್ಛಾವಣಿ, ಸೂಲಗಿತ್ತಿಯ ಸಂಬಳ, ಬೆಟ್ಟ ಕಾಯುವವರ ಬೂಟು, ಕೊನೆಗೆ ನನ್ನ ಅನ್ನ ಕೂಡ ಆ ಕೊಂಬುಗಳಿಂದಲೇ.

ಗಿಲ್ಗಿತ್ತಿನ ನನ್ನ ಗೆಳೆಯರಿಗೆ ಇದು ಅರ್ಥವಾಗುತ್ತಿರಲಿಲ್ಲ. ಕೊಂದು ಕಾಪಾಡುವುದು ಅಂದರೇನು ಅಂತ ನಗುತ್ತಿದ್ದರು. ಅದೇ ಪ್ರಶ್ನೆಯನ್ನು ನನ್ನದೇ ಅನ್ನುವ ಹಾಗೆ ತೊಯ್ಗುನ್ ಬೆಚ್ ಮುಂದಿಟ್ಟೆ. ಅವರು ಬೂಟಿನ ದಾರ ಕಟ್ಟುತ್ತಿದ್ದರು. ಪುಕ್ಕಟೆಯಾಗಿದ್ದಾಗ ಯಾರೂ ಕಾಯಲಿಲ್ಲ, ಬೆಲೆ ಬಂದ ಮೇಲೆ ಊರೇ ಕಾಯುತ್ತಿದೆ, ಇದರಲ್ಲಿ ಪುಣ್ಯ ಹುಡುಕಬೇಡ, ಕುರಿ ಸಾಕುವವನ ಲೆಕ್ಕ ಇದು ಅಂದರು. ಆಮೇಲೆ, ನನ್ನ ಗೆಳೆಯರು ಚಳಿಗಾಲದಲ್ಲಿ ಏನು ತಿನ್ನುತ್ತಾರೆ ಅಂತ ಕೇಳಿದರು. ಕೋಳಿ ಅಂದೆ. ಕೋಳಿಗೆ ಯಾರಾದರೂ ಸಮಿತಿ ಮಾಡಿದ್ದಾರಾ ಅಂತ ವಿಚಾರಿಸಿಕೊಂಡು ಬಾ ಅಂದರು.

ಆದರೆ ಲೆಕ್ಕವೊಂದೇ ಅಲ್ಲ. ಮೇಲಿನ ನೆಲವನ್ನು ನಮ್ಮ ಹಿರಿಯರು ಮೆರ್ಗಿಚ್ ಅನ್ನುತ್ತಿದ್ದರು. ಪರಿಗಳು ಅನ್ನುವ ಯಕ್ಷಿಣಿಯರಿರುವ ಮಡಿ ನೆಲ. ಕಾಡುಮೇಕೆಗಳು ಆ ಪರಿಗಳು ಸಾಕಿದ ಹಿಂಡು. ಹಸುವಿನ ಹಾಲು, ಬೆಣ್ಣೆ, ಮಾಂಸ ಮುಟ್ಟಿ ಅಲ್ಲಿಗೆ ಹೋದರೆ ಮೈಲಿಗೆ, ಪರಿಗಳು ಹಿಂಡನ್ನು ಮರೆಮಾಡುತ್ತಾರೆ. ಜಮಾತ್‌ಖಾನೆಯಲ್ಲಿ ಪ್ರಾರ್ಥನೆಗೆ ಸೇರಿದಾಗ ಯಾರಾದರೂ ಕೇಳಿದರೆ ತೊಯ್ಗುನ್ ಬೆಚ್ ಅದೆಲ್ಲ ಅಜ್ಜಿಕಥೆ ಅನ್ನುತ್ತಿದ್ದರು. ಬೇಟೆಯ ಹಿಂದಿನ ದಿನ ಮಾತ್ರ ಚಹಾಕ್ಕೆ ಹಾಲು ಹಾಕಿಸಿಕೊಳ್ಳುತ್ತಿರಲಿಲ್ಲ, ಧೂಪದ ಗಿಡದ ಸೊಪ್ಪು ಸುಟ್ಟು ಅದರ ಹೊಗೆಗೆ ಮೈಯೊಡ್ಡುತ್ತಿದ್ದರು. ಸೊಳ್ಳೆಗೆ, ಅನ್ನುತ್ತಿದ್ದರು. ನಮ್ಮಲ್ಲಿ ಚಳಿಗಾಲದಲ್ಲಿ ಸೊಳ್ಳೆ ಇರುವುದಿಲ್ಲ.

ನಾನು ಹೇಳಹೊರಟ ವರ್ಷ ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹಿಮನದಿಯ ಕೆರೆ ಒಡೆದು ನಮ್ಮ ಕಾಲುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಕಾಲುವೆಯ ತಲೆಯ ಕಡೆಯವರಿಗೆ ಹೇಗೋ ತೊಟ್ಟು ನೀರು ಸಿಗುತ್ತಿತ್ತು, ಬಾಲದ ಕಡೆಗೆ ಏನೂ ಇಲ್ಲ. ಬಾಲದ ತುದಿಯ ಹೊಲ ತೊಯ್ಗುನ್ ಬೆಚ್ ಅವರದು. ಇರುವುದೇ ಅದೊಂದು. ಅದರಲ್ಲಿ ಆಲೂಗಡ್ಡೆ ಹಾಕಿ, ಮಾರಿ, ವರ್ಷದ ಗೋಧಿ ಕೊಳ್ಳುವುದು. ಆ ವರ್ಷ ಆಲೂಗಡ್ಡೆ ಗೋಲಿಯಷ್ಟಾಗಿ ಬಾಡಿತ್ತು. ಇನ್ನೊಂದು ವರ್ಷ ಹಾಗಾದರೆ ಯಾಕುಗಳನ್ನು ಮಾರಬೇಕು ಅಂತ ಚಿಕ್ಕಮ್ಮ ನನ್ನೆದುರಿಗೇ ಹೇಳಿದ್ದಳು. ಕಾಲುವೆಗೆ ಕೊಳವೆ, ಸಿಮೆಂಟು ತರಬೇಕಾದರೆ ಬೇಟೆಯ ಹಣವೇ ಆಗಬೇಕು. ಅದೂ ಬಿತ್ತನೆಗೆ ಮುಂಚೆ. ಆ ಚಳಿಗಾಲ ಬಂದ ಮೊದಲ ಬೇಟೆಗಾರ ಕೆಮ್ಮು ಹತ್ತಿ ಬರಿಗೈಯಲ್ಲಿ ಹಿಂದಿರುಗಿದ್ದ. ಉಳಿದದ್ದು ಒಂದೇ ಪರವಾನಗಿ, ಋತು ಮುಗಿಯಲು ಕೆಲವೇ ದಿನ.

ಅದರ ಮೇಲೆ ಬಂದವರು ಫೈಸಲಾಬಾದಿನ ಬಟ್ಟೆ ಗಿರಣಿಯ ಮಲಿಕ್ ಸಾಹೇಬರು. ಒಳ್ಳೆಯ ಮನುಷ್ಯ, ಭಾರವಾದ ಮನುಷ್ಯ. ದನದ ಕಬಾಬು ತುಂಬಿದ ಡಬ್ಬಿ ತಂದಿದ್ದರು. ತೊಯ್ಗುನ್ ಬೆಚ್ ಅದನ್ನು ಕೆಳಗಿನ ಡೇರೆಯಲ್ಲೇ ಬಿಡಿಸಿದರು. ಕಾವಲಿಗೆ ಅಂತ ಡೇರೆಯಲ್ಲಿ ಉಳಿದದ್ದು ಇಲಾಖೆಯಿಂದ ಬಂದ ವಾಚರು. ಎತ್ತರಕ್ಕೆ ತಲೆ ಸಿಡಿದು ಅವನು ಮಲಗಿಬಿಟ್ಟಿದ್ದ. ಗುಂಡು ಎಲ್ಲಿ ತಗುಲಿತು ಅಂತ ನೀವು ಏನು ಹೇಳ್ತೀರೋ ಅದನ್ನೇ ಬರೀತೀನಿ ಅಂತ ತೊಯ್ಗುನ್ ಬೆಚ್‌ಗೆ ಕಂಬಳಿಯೊಳಗಿಂದಲೇ ಹೇಳಿದ್ದ. ಮಲಿಕ್ ಸಾಹೇಬರು ಒಣ ರೊಟ್ಟಿ, ಒಣ ಜರದಾಳು ತಿಂದುಕೊಂಡು, ಗಿರಣಿಯಲ್ಲೂ ಇಷ್ಟು ಹಸಿದಿರಲಿಲ್ಲ ಅನ್ನುತ್ತ ನಮ್ಮ ಹಿಂದೆ ಹತ್ತಿದರು.

ಕೊನೆಯ ದಿನ ಬೆಳಿಗ್ಗೆ ಹೋತ ಸಿಕ್ಕಿತು. ಹಿಂಡು ಬಿಟ್ಟು ಒಂಟಿಯಾದ ಮುದಿಯ. ಕೊಂಬು ಬೆನ್ನಿನ ಮೇಲೆ ಕುಡುಗೋಲಿನ ಹಾಗೆ ಬಾಗಿತ್ತು, ನಡಿಗೆಯಲ್ಲಿ ಮೊಣಕಾಲು ನೋವಿನವರ ನಿಧಾನ. ಬೆಟ್ಟದ ನೆತ್ತಿಯಲ್ಲಿ ಒಂದು ಕೊರಕಲು ಇದೆ. ನೆತ್ತಿಯ ಈಚೆ ನಮ್ಮದು, ಆಚೆ ಶಿರ್‌ಬುನ್ ಊರಿನದು. ಹೋತ ಆ ಕೊರಕಲಿನ ಬಾಯಲ್ಲಿ ಬಂದು ನಿಂತಿತು. ಇನ್ನೊಂದು ಗಳಿಗೆಯಲ್ಲಿ ಇಳಿದು ಕಣ್ಮರೆಯಾಗುತ್ತದೆ ಅನ್ನಿಸುವ ಹಾಗೆ ಆಚೆಗೆ ಮುಖ ಮಾಡಿತ್ತು. ಮಲಿಕ್ ಸಾಹೇಬರು ಬಂದೂಕಿಗೆ ಕೆನ್ನೆ ಕೊಟ್ಟು ಕಾದರು. ತೊಯ್ಗುನ್ ಬೆಚ್ ದುರ್ಬೀನಿನಲ್ಲಿ ಕಣ್ಣಿಟ್ಟಿದ್ದರು. ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದರು. ಆಮೇಲೆ "ಹೂಂ" ಅಂದರು.

ಆಗ ಏನಾಯಿತು ಅಂತ ನಾನು ಸಾಕ್ಷಿ ಹೇಳಲಾರೆ. ಗುಂಡಿನ ಸದ್ದಿಗೆ ಕಣ್ಣು ಮುಚ್ಚಿಕೊಂಡಿದ್ದೆ. ಬಿಟ್ಟಾಗ ಹೋತ ನಮ್ಮ ಕಡೆಯ ಇಳಿಜಾರಿನಲ್ಲಿ ಉರುಳುತ್ತ ಬಂದು ಬಂಡೆಗೆ ಆತು ನಿಂತಿತು. ಮಲಿಕ್ ಸಾಹೇಬರು ನನ್ನನ್ನು ಅಪ್ಪಿಕೊಂಡರು. ನನ್ನ ಕಣ್ಣ ಮುಂದೆ ಕಾಲುವೆಯಲ್ಲಿ ನೀರು ಹರಿದುಹೋಯಿತು, ನನ್ನ ಮುಂದಿನ ವರ್ಷದ ಸಂಬಳವೂ ಅದರಲ್ಲೇ ತೇಲಿ ಬಂತು. ತೊಯ್ಗುನ್ ಬೆಚ್ ಮಾತ್ರ ಸತ್ತ ಹೋತದ ಕಡೆ ಹೋಗದೆ ನೆತ್ತಿಯ ಕಡೆ ಹತ್ತತೊಡಗಿದರು. ಹಿಂದೆ ನಾನೂ ಹೋದೆ.

ಕೊರಕಲಿನಾಚೆ, ಎರಡು ಹೆಜ್ಜೆ ಕೆಳಗೆ, ಹಿಮದ ಮೇಲೆ ಗೊರಸಿನ ಗುರುತು ಒತ್ತಿಕೊಂಡಿತ್ತು. ಪಕ್ಕದಲ್ಲಿ ಒಂದಿಷ್ಟು ಕೂದಲು, ನಾಲ್ಕಾರು ಹನಿ ರಕ್ತ. ಅಲ್ಲಿಂದ ಹೋತ ಒಂದೇ ನೆಗೆತಕ್ಕೆ ನೆತ್ತಿ ದಾಟಿ ನಮ್ಮ ಕಡೆ ಬಿದ್ದಿತ್ತು. ಗುಂಡು ತಗುಲಿದ್ದು ಶಿರ್‌ಬುನ್ ನೆಲದಲ್ಲಿ.

ಇಷ್ಟು ಚಿಕ್ಕ ಗುರುತು. ಸಂಜೆ ಗಾಳಿ ಬಂದರೆ ಮುಚ್ಚಿಹೋಗುತ್ತಿತ್ತು. ಗಾಳಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

"ಕಾಲಲ್ಲಿ ಒಂದು ಸಲ ಎಳೆದುಬಿಡೋಣ ಬೆಚ್," ಅಂದೆ. "ಯಾರು ನೋಡ್ತಾರೆ?"

ಅವರು ರಕ್ತದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಬೂಟಿನ ತುದಿ ಹನಿಗಳಿಗೆ ತೀರ ಹತ್ತಿರದಲ್ಲಿತ್ತು. ಕೆಳಗೆ ಶಿರ್‌ಬುನ್ನಿನ ಹೊಗೆ ಕಾಣುತ್ತಿತ್ತು. ಆ ಊರು ಬೇಟೆ ಬಿಟ್ಟು ವರ್ಷ ಕಳೆದಿತ್ತಷ್ಟೆ. ಬಿಟ್ಟದ್ದಕ್ಕೆ ಅವರಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ಯಾಜ್‌ಗಾರಿನವರು ನಮ್ಮ ಮೇಕೆ ಮಾರಿ ಶಾಲೆ ಕಟ್ಟಿಕೊಂಡರು ಅಂತ ಅಲ್ಲಿನ ಹುಡುಗರು ಸೋಸ್ತಿನ ಬಜಾರಿನಲ್ಲಿ ಹಂಗಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕಡೆಗೆ ಬಿಸಿಲು ಹೆಚ್ಚು, ಹಿಮ ಬೇಗ ಕರಗುತ್ತದೆ, ನಾವು ನಮ್ಮದೆನ್ನುವ ಹಿಂಡು ಚಳಿಗಾಲದ ಅರ್ಧ ಅಲ್ಲೇ ಮೇಯುವುದು.

ಬಹಳ ಹೊತ್ತಿನ ಮೇಲೆ ಎದ್ದರು. ಕೆಳಗಿಳಿದು ಹೋತದ ಹೊಟ್ಟೆ ಸೀಳಿ ಕಲೀಜ, ಅಂದರೆ ಲಿವರು, ತೆಗೆದರು. ಹಳೆಯ ಕಾಲದಲ್ಲಿ ಒಂದು ಪದ್ಧತಿ ಇತ್ತು: ರಕ್ತ ಬೇರೆ ಊರಿನ ಮೇಯುವ ನೆಲದಲ್ಲಿ ಬಿದ್ದರೆ ಕಲೀಜವನ್ನು ಆ ಊರಿನ ಹಿರಿಯನಿಗೆ ಮುಟ್ಟಿಸಬೇಕು. ಕಲೀಜ ಕೊಟ್ಟರೆ ಮೇಕೆ ನಿಮ್ಮದು ಅಂತ ಒಪ್ಪಿಕೊಂಡ ಹಾಗೆ. ಆ ಪದ್ಧತಿಯನ್ನು ಕಣ್ಣಾರೆ ಕಂಡವರು ನನ್ನ ವಯಸ್ಸಿನಲ್ಲಿ ಯಾರೂ ಇಲ್ಲ. ತೊಯ್ಗುನ್ ಬೆಚ್ ಕಲೀಜವನ್ನು ತಮ್ಮ ಮಫ್ಲರಿನಲ್ಲಿ ಕಟ್ಟಿಕೊಂಡರು. ಮಲಿಕ್ ಸಾಹೇಬರನ್ನು ಹೊರೆಯಾಳುಗಳ ಜೊತೆ ಡೇರೆಗೆ ಕಳಿಸಿ, ನನ್ನ ಕಡೆ ತಿರುಗಿ, ಬರೋದಾದರೆ ಬಾ ಅಂದರು. ಹೋಗದಿದ್ದರೆ ಊರಿಗೆ ನಾನೊಬ್ಬನೇ ಇಳಿದು ಸುದ್ದಿ ಹೇಳಬೇಕಿತ್ತು. ಹೋದೆ.

ಶಿರ್‌ಬುನ್ನಿನ ಹಿರಿಯ ಮಹ್ರಮ್ ಬೇಗ್ ಅಂಗಳದಲ್ಲಿ ಯಾಕಿನ ಕೂದಲಿನ ಹಗ್ಗ ಹೊಸೆಯುತ್ತಿದ್ದರು. ಮಫ್ಲರು ಬಿಚ್ಚಿ ನೋಡಿ, ಮುಟ್ಟದೆ, ತೊಯ್ಗುನ್ ಬೆಚ್ ಮುಖ ನೋಡಿದರು.

"ಯಾಜ್‌ಗಾರಿನವರು ಕಲೀಜ ಕೊಡ್ತಾರೆ ಅಂದ್ರೆ," ಅಂದರು, "ಮಿಕ್ಕಿದ್ದನ್ನೆಲ್ಲ ತಿಂದು ಮುಗಿಸಿರಬೇಕು."

"ಮಿಕ್ಕಿದ್ದು ಬಂಡೆ ಹತ್ರ ಬಿದ್ದಿದೆ," ಅಂದರು ತೊಯ್ಗುನ್ ಬೆಚ್. "ನಿಮ್ಮ ಹುಡುಗರನ್ನ ಕಳಿಸಿ. ರಕ್ತ ನೋಡ್ಕೊಂಡು ಬರಲಿ, ಗಾಳಿ ಬರೋಕೆ ಮುಂಚೆ."

ಹುಡುಗರು ಹೋಗಿ ನೋಡಿ ಬಂದರು. ಮಹ್ರಮ್ ಬೇಗರ ಮನೆಯವರು ಕಲೀಜವನ್ನು ಕುರಿಯ ಬಾಲದ ಕೊಬ್ಬಿನಲ್ಲಿ ಹುರಿದು ಎಲ್ಲರ ಕೈಗೂ ಒಂದೊಂದು ತುಂಡು ಇಟ್ಟರು. ನನ್ನ ಪಾಲು ಮುಗಿಸಲು ಉಪ್ಪು ಚಹಾದ ಎರಡು ಬಟ್ಟಲು ಬೇಕಾದವು. ಹೊರಡುವಾಗ ಮಹ್ರಮ್ ಬೇಗರು ಅರ್ಧ ಹಣ ಇಟ್ಟುಕೊಳ್ಳಿ ಅಂತಾರೇನೋ ಅಂತ ನಾನು ಬಾಗಿಲಲ್ಲಿ ಬೂಟು ಹಾಕಿಕೊಳ್ಳಲು ವಿಪರೀತ ತಡ ಮಾಡಿದೆ. ಅವರು ಅನ್ನಲಿಲ್ಲ. ಅವರಿಗೂ ಮಾಡಬೇಕಾದ ಕೆಲಸಗಳಿದ್ದವು.

ಮಾರನೆಯ ದಿನ ನಂಬರ್‌ದಾರರ ಮನೆಯಲ್ಲಿ ಊರು ಸೇರಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೆಲವರು ತೊಯ್ಗುನ್ ಶಾಗೆ ವಯಸ್ಸಾಯಿತು, ದಾರಿಗಾರನ ಕೆಲಸ ಬೇರೆಯವರಿಗೆ ಕೊಡಿ ಅಂದರು. ಕೆಲವರು ಶಿರ್‌ಬುನ್ನಿನವರು ಎಷ್ಟು ಕೊಟ್ಟರು ಅಂತ ಕೇಳಿದರು. ಆ ಮಾತಿಗೆ ನೆಕ್‌ಬಖ್ತ್ ಚಿಕ್ಕಮ್ಮ ಹೆಂಗಸರ ಕಡೆಯಿಂದ ಎದ್ದು ನಿಂತು ತನ್ನ ಮನೆಯ ಹಿಟ್ಟಿನ ಡಬ್ಬ ಬಂದು ನೋಡಿ ಅಂದಳು. ಯಾರೂ ಹೋಗಲಿಲ್ಲ. ನಂಬರ್‌ದಾರ್ ಗೋಹರ್ ಹಯಾತರು ಕೂಗಾಡುವವರಲ್ಲ. ಮೀಸೆ ತೀಡಿಕೊಂಡು, ಮೆಲ್ಲಗೆ, ನೀನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು ತೊಯ್ಗುನ್ ಅಂತ ಕೇಳಿದರು.

"ಶಿರ್‌ಬುನ್ ಮನೆಮನೆಯಲ್ಲೂ ಬಂದೂಕು ಇನ್ನೂ ಗೋಡೆ ಮೇಲೇ ಇದೆ," ಅಂದರು ತೊಯ್ಗುನ್ ಬೆಚ್. "ನಾವು ಕದ್ರೆ ಇವತ್ತಲ್ಲ ನಾಳೆ ಅವರಿಗೆ ಗೊತ್ತಾಗುತ್ತೆ. ಆಗ ಅದನ್ನ ಇಳಿಸ್ತಾರೆ. ಒಂದು ಚಳಿಗಾಲ ಸಾಕು. ಆಮೇಲೆ ಹೊರಗಿನವರಿಗೆ ಏನು ತೋರಿಸ್ತೀರಿ ನಂಬರ್‌ದಾರ್, ನಿಮ್ಮ ಮೀಸೆನಾ?"

ಒಂದಿಬ್ಬರು ನಕ್ಕರು, ಮಿಕ್ಕವರು ನಗಲಿಲ್ಲ. ಕೆಲಸದಿಂದ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಕಾಲುವೆಯ ಮಾತೂ ಅಲ್ಲಿಗೇ ನಿಂತಿತು.

ಹಣ ಶಿರ್‌ಬುನ್ನಿಗೆ ಹೋಯಿತು. ಅವರು ಅದರಲ್ಲಿ ಸೇತುವೆಗೆ ಹಲಗೆ ಹಾಕಿಸಿದರು, ಇಬ್ಬರು ಹುಡುಗರನ್ನು ಬೆಟ್ಟ ಕಾಯಲು ಇಟ್ಟರು. ಹಿಂದೆ ಬಜಾರಿನಲ್ಲಿ ಹಂಗಿಸುತ್ತಿದ್ದವರಲ್ಲಿ ಒಬ್ಬ ಈಗ ಸಮಿತಿಯ ಬೂಟು ಹಾಕಿಕೊಂಡು, ನಮ್ಮ ಕಡೆಯವರು ನೆತ್ತಿ ದಾಟಿದರೆ ಹೆಸರು ಕೇಳುತ್ತಾನೆ. ನನ್ನದನ್ನೂ ಕೇಳಿದ. ಆ ಚಳಿಗಾಲದ ಉಳಿದ ದಿನಗಳಲ್ಲಿ ಆ ಕಡೆಯಿಂದ ಗುಂಡಿನ ಸದ್ದು ಕೇಳಲಿಲ್ಲ. ಅದಕ್ಕೆ ಕಲೀಜ ಕಾರಣವೋ, ಅಥವಾ ಆ ವರ್ಷ ಬಿದ್ದ ಅಗಾಧ ಹಿಮ ಕಾರಣವೋ ಹೇಳುವ ಧೈರ್ಯ ನನಗಿಲ್ಲ. ಸಮಿತಿ ನನಗೆ ಕೆಲವು ತಿಂಗಳು ಸಂಬಳದ ಬದಲು ಗೌರವ ಕೊಟ್ಟಿತು. ಅಂಗಡಿಯವನು ಅದನ್ನು ತೆಗೆದುಕೊಳ್ಳಲಿಲ್ಲ.

ಬಿತ್ತನೆಯ ಹೊತ್ತಿಗೆ ತೊಯ್ಗುನ್ ಬೆಚ್ ಒಂದು ಯಾಕನ್ನು ಮಾರಿದರು. ಕಾಲುವೆಯ ಬಾಲದ ಮೂರ್ನಾಲ್ಕು ಮನೆಯವರು ಸೇರಿ ಕಲ್ಲು ಮಣ್ಣಿನಲ್ಲೇ ಒಡ್ಡು ಕಟ್ಟಲು ನೋಡುತ್ತಿದ್ದರು. ಕಟ್ಟಿದ್ದು ರಾತ್ರಿ ಕಳೆಯುವುದರೊಳಗೆ ಸೋರಿಹೋಗುತ್ತಿತ್ತು. ಅವರಿಗೆ ಕೈಜೋಡಿಸುವ ನೆಪದಲ್ಲಿ ನಾನೂ ಒಂದು ದಿನ ಸಲಿಕೆ ಹಿಡಿದು ಹೋದೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು ಕೆಲಸಕ್ಕಿಂತ ಬೊಬ್ಬೆಯನ್ನೇ ಹೆಚ್ಚು ನೋಡುತ್ತ ಕೂತೆ. ತೊಯ್ಗುನ್ ಬೆಚ್ ಪಕ್ಕದಲ್ಲಿ ಕೂತು ರೊಟ್ಟಿ ಮುರಿದರು. ಎದುರಿಗೆ ಅವರ ಹೊಲ. ಉತ್ತು ಹದ ಮಾಡಿಟ್ಟಿದ್ದರು. ಮಣ್ಣು ಸುಣ್ಣದ ಹಾಗೆ ಬೆಳ್ಳಗೆ ಒಣಗಿತ್ತು.

ಚಳಿಗಾಲದಿಂದ ನನ್ನ ನಾಲಗೆಯ ತುದಿಯಲ್ಲಿ ಒಂದು ಪ್ರಶ್ನೆ ಇತ್ತು. ಕೇಳಬಾರದು ಅಂತ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಪಾಲಿಸುವವನಾಗಿದ್ದರೆ ನಾನು ಇಷ್ಟು ಹೊತ್ತಿಗೆ ಗಿಲ್ಗಿತ್ತಿನಲ್ಲಿ ಇರುತ್ತಿದ್ದೆ.

"ಬೆಚ್, ನೀವು ದುರ್ಬೀನಿನಲ್ಲಿ ನೋಡ್ತಾನೇ ಇದ್ರಿ. ಹೋತ ನೆತ್ತಿಯಾಚೆ ನಿಂತಿದ್ದು ನಿಮಗೆ ಕಾಣಲೇ ಇಲ್ವಾ?"

"ಕಾಣ್ತು."

"ಮತ್ತೆ ಹೂಂ ಅಂತ ಯಾಕಂದ್ರಿ?"

ಅವರು ಬಾಯಲ್ಲಿದ್ದ ರೊಟ್ಟಿಯನ್ನು ಅಗಿದು ನುಂಗಿದರು. ಆಮೇಲೆ ನನ್ನ ಕಡೆ ನೋಡದೆ ಎದುರಿನ ಹೊಲದ ಕಡೆ ಗದ್ದ ಎತ್ತಿದರು.

"ಅದು ಒಣಗಿತ್ತು," ಅಂದರು.